ಕುಪ್ಪಸದ ಹೊಲಿಗೆಯನ್ನು ತಿದ್ದುವ ಬಗೆ



ಮನೆಯಲ್ಲಿ ಹೊಲಿದ ಕುಪ್ಪಸವು ಮೈಗೊಪ್ಪದಿದ್ದರೆ ನಿರಾಶರಾಗಬೇಕಾಗಿಲ್ಲ. ಪಕ್ಕದ ಹೊಲಿಗೆಯನ್ನು ತಿದ್ದಬಹುದು. ಒಳಮಗ್ಗುಲು ಹೊರಗಾಗುವಂತೆ ತೊಟ್ಟು, ಸಡಿಲನ್ನು ಎರಡೂ ಪಕ್ಕಗಳಲ್ಲಿ ಸಮನಾಗಿ ಹಿಡಿದು ಗುಂಡುಸೂಜಿ ಚುಚ್ಚಿರಿ. ಸುತ್ತಳತೆಯು 2 ಅಂಗುಲ ಹೆಚ್ಚಾಗಿದ್ದರೆ ಪ್ರತಿಯೊಂದು ಹೊಲಿಗೆಯೂ ಅರ್ಧ ಅಂಗುಲ ಮಾತ್ರ ಒಳಸರಿಯಬೇಕು. ಪಕ್ಕಗಳು ಎರಡು, ಪ್ರತಿ ಪಕ್ಕದಲ್ಲಿ ಪದರಗಳೂ ಎರಡಲ್ಲವೇ?

ಮೊದಲು ಕೈಯಿಂದ ದೂರದೂರ ಟಾಕು ಹಾಕಿ, ಕೈಯೆತ್ತಿ, ಕುಳಿತು, ಉಸಿರೆಳೆದು ನೋಡಿರಿ. ಕಂಕುಳಲ್ಲಿ ಬಿಗಿದರೆ ಬಿಚ್ಚಿ ತಿದ್ದಿರಿ. ಅನಂತರವೇ ಯಂತ್ರದ ಹೊಲಿಗೆ. ಬಿಗಿದ ಉಡುಪಿನಲ್ಲಿ ಕುಗ್ಗಿ ಕುಳಿತ ಹುಡುಗಿಯ ಮನಸ್ಸು ಪಾಠದಲ್ಲಿ ನಿಲ್ಲುವುದೆಂತು?

ಒಳಗುಳಿದ ಬಟ್ಟೆಯನ್ನು ಮಾತ್ರ ಕತ್ತರಿಸಬೇಡಿರಿ. ಗುಳೇದಗುಡ್ಡದ ಖಣದ ತುಂಡು ಚಿಕ್ಕದು. ಕತ್ತರಿಸಿದುದು ಮರಳಿ ಬಾರದು. ಅದನ್ನು ಉಳಿಸಿದರೆ ಬೆಳೆಯುವ ಮಗಳಿಗೆ ಮುಂದಿನ ವರ್ಷ ಅದೇ ಕುಪ್ಪಸವನ್ನು ಸಡಿಲಿಸಿ ತೊಡಿಸಬಹುದು.