ದುಡಿಯುವ ಕೈಗಳು ಏಕೆ ಸುಮ್ಮನಾಗುತ್ತವೆ?

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ನೂರು ವರ್ಷಗಳ ಹಿಂದೆ ಈ ದೇವಾಲಯವನ್ನು ಕಟ್ಟಿದವರು ಶ್ರಮಜೀವಿಗಳು. ಆದ್ದರಿಂದ ಈ ಸಂಭ್ರಮದ ಸಂದರ್ಭದಲ್ಲಿ ದುಡಿಮೆಯನ್ನು ಕುರಿತು, ಅದರಲ್ಲಿಯೂ ದುಡಿಮೆಯಿಂದ ದೂರವಾದವರನ್ನು ಕುರಿತು, ನಾಲ್ಕು ಮಾತುಗಳನ್ನಾಡುವುದು ಉಚಿತವೆಂದು ಭಾವಿಸಿದ್ದೇನೆ. ಬಡಕುಟುಂಬಗಳಿಗೆ ನೆರವು ನೀಡುವ ವಿಷಯ ಚರ್ಚೆಗೆ ಬಂದಾಗಲೆಲ್ಲ, "ಕೆಲಸ ಬೇಕಾದಷ್ಟಿದೆ, ಮಾಡುವ ಮನಸ್ಸಿಲ್ಲ" ಎಂಬ ಮಾತು ನಮ್ಮ ನಡುವೆ ಕೇಳಿಬರುತ್ತದೆ. ಒಬ್ಬಿಬ್ಬರ ವಿಷಯದಲ್ಲಿ ಅದು ನಿಜವಿರಬಹುದು. ಆದರೆ ಒಂದು ಊರಿಗೆ ಊರೇ ಸುಮ್ಮನೆ ಕುಳಿತಿದೆಯೆಂದಾದರೆ, ಅದರ ಕಾರಣವನ್ನು ಜನರ ಸ್ವಭಾವದಲ್ಲಿ ಹುಡುಕಬಾರದು. ದುಡಿಮೆಗೆ ಹೋಗುವ ದಾರಿಗಳು ಅವರ ಪಾಲಿಗೆ ಹೇಗೆ ಒಂದೊಂದಾಗಿ ಮುಚ್ಚಿಹೋದವೆಂಬುದನ್ನು ವಿಚಾರಿಸಬೇಕು.

ಮೊದಲು ಒಂದು ವ್ಯತ್ಯಾಸವನ್ನು ತಿಳಿದುಕೊಳ್ಳೋಣ. ಕೆಲಸವಿಲ್ಲದೆ ಕೆಲಸವನ್ನು ಹುಡುಕುತ್ತಿರುವವನನ್ನು ಅರ್ಥಶಾಸ್ತ್ರಜ್ಞರು ನಿರುದ್ಯೋಗಿ ಎನ್ನುತ್ತಾರೆ. ಕೆಲಸವೂ ಇಲ್ಲದೆ, ಹುಡುಕುವುದನ್ನೂ ಬಿಟ್ಟು, ಕರೆದರೆ ಬರುವ ಸ್ಥಿತಿಯಲ್ಲಿಯೂ ಇಲ್ಲದವನನ್ನು ಅವರು ಶ್ರಮಶಕ್ತಿಯ ಲೆಕ್ಕದಿಂದಲೇ ಹೊರಗಿಡುತ್ತಾರೆ. ಹೀಗಾಗಿ ಒಂದು ಊರಿನಲ್ಲಿ ಜನರು ನಿರಾಶರಾಗಿ ಹುಡುಕಾಟವನ್ನು ನಿಲ್ಲಿಸಿದರೆ, ಅಲ್ಲಿನ ನಿರುದ್ಯೋಗದ ಅಂಕಿ ಇಳಿದಂತೆ ಕಾಣುತ್ತದೆ. ಕಷ್ಟ ಮಾತ್ರ ಇಳಿದಿರುವುದಿಲ್ಲ. ನಾನು ಹೇಳಹೊರಟಿರುವುದು ಲೆಕ್ಕದಿಂದ ಹೊರಗುಳಿದ ಇವರ ವಿಷಯ.

ಇದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ರಾಜ್ಯದ ಕೋಲಾರದ ಚಿನ್ನದ ಗಣಿ ಪ್ರದೇಶವನ್ನೇ ನೋಡೋಣ. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಗಣಿಗಾರಿಕೆಯನ್ನು ಕೈಗೆತ್ತಿಕೊಂಡಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ಅಲ್ಲಿಗೆ ಹರಿಯಿತು. ಬೆಂಗಳೂರು ನಗರದ ಬೀದಿಗಳು ಇನ್ನೂ ವಿದ್ಯುದ್ದೀಪವನ್ನು ಕಾಣದಿದ್ದ ಕಾಲವದು. ಚಾಂಪಿಯನ್ ರೀಫ್ ಗಣಿ ಭೂಮಿಯೊಳಗೆ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಆದರೆ ಆಳಕ್ಕೆ ಹೋದಂತೆ ಅದುರಿನಲ್ಲಿ ಚಿನ್ನದ ಅಂಶ ಕುಗ್ಗಿತು, ವೆಚ್ಚ ಏರಿತು. 1956ರಲ್ಲಿ ಮೈಸೂರು ಸರ್ಕಾರವೂ, 1962ರಲ್ಲಿ ಕೇಂದ್ರ ಸರ್ಕಾರವೂ ಗಣಿಗಳ ಹೊಣೆಯನ್ನು ಹೊತ್ತವು. ಕೊನೆಗೆ 2001ರ ಫೆಬ್ರವರಿ 28ರಂದು ಅವು ಮುಚ್ಚಿದವು. ಒಂದು ಶತಮಾನಕ್ಕೂ ಮಿಕ್ಕಿ ನಾಡಿಗೆ ಸುಮಾರು 800 ಟನ್ ಚಿನ್ನವನ್ನು ಕೊಟ್ಟ ಊರು, ಆ ಬಳಿಕ ತನ್ನ ಮಕ್ಕಳಿಗೆ ದಿನದ ಕೂಲಿಯನ್ನು ಕೊಡಲಾರದೆ ಹೋಯಿತು.

ಇದಕ್ಕೆ ಮೊದಲನೆಯ ಕಾರಣ, ಆ ಊರು ಒಂದೇ ಉದ್ಯಮವನ್ನು ನಂಬಿ ಬೆಳೆದದ್ದು. ಸಂಬಳದ ಜೊತೆಗೆ ಮನೆ, ನೀರು, ದೀಪ, ಆಸ್ಪತ್ರೆ ಎಲ್ಲವೂ ಗಣಿಯಿಂದಲೇ ಬರುತ್ತಿದ್ದವು. ಗಣಿ ನಿಂತಾಗ ಕೆಲಸದೊಂದಿಗೆ ಬದುಕಿನ ಏರ್ಪಾಡೇ ಕುಸಿಯಿತು. 1964ರಲ್ಲಿ ಸ್ಥಾಪಿತವಾದ ಬಿ.ಇ.ಎಂ.ಎಲ್. ಸಂಸ್ಥೆಯ ಕಾರ್ಖಾನೆ ಅಲ್ಲಿದೆ, ನಿಜ. ಆದರೆ ಒಂದು ಕಾರ್ಖಾನೆ ಇಡೀ ಗಣಿಯೂರನ್ನು ಸಾಕಲಾರದು. ಬಹಳಷ್ಟು ಭೂಮಿ ಗಣಿ ಸಂಸ್ಥೆಯ ವಶದಲ್ಲಿಯೇ ಉಳಿದುದರಿಂದ ಹೊಸ ಉದ್ಯಮಗಳು ಬೇರೂರುವುದೂ ಸುಲಭವಾಗಲಿಲ್ಲ.

ಎರಡನೆಯದು, ಕಲಿತ ವಿದ್ಯೆ ಹೊರಗೆ ನಡೆಯದಿದ್ದುದು. ಸುರಂಗಕ್ಕೆ ಮರದ ಆಸರೆ ಕೊಡುವುದರಲ್ಲಿ, ಬಂಡೆಗೆ ಕುಳಿ ಕೊರೆದು ಸಿಡಿಸುವುದರಲ್ಲಿ ನಿಪುಣನಾದ ನಲವತ್ತೈದು ವರ್ಷದ ಗಂಡಸು ಗಣಿಯ ಹೊರಗೆ ಆ ನೈಪುಣ್ಯವನ್ನು ಯಾರಿಗೆ ಮಾರಬೇಕು? ಮೇಲಾಗಿ ಅಲ್ಲಿನ ಕಾರ್ಮಿಕರಲ್ಲಿ ಬಹುಮಂದಿ ತಮಿಳು ಮತ್ತು ತೆಲುಗು ನಾಡುಗಳಿಂದ ತಲೆಮಾರುಗಳ ಹಿಂದೆ ಬಂದ ದಲಿತ ಕುಟುಂಬದವರು. ಊರಿನಲ್ಲಿ ಜಮೀನಿಲ್ಲ, ಹಿಂದಿರುಗಲು ತವರಿಲ್ಲ, ಕೈಹಿಡಿಯಲು ಬಲ್ಲಿದರಾದ ಬಂಧುಗಳಿಲ್ಲ.

ಮೂರನೆಯದು, ದೇಹದ ಸ್ಥಿತಿ. ಬೆಣಚುಕಲ್ಲನ್ನು ಕೊರೆಯುವಾಗ ಏಳುವ ಸೂಕ್ಷ್ಮ ಧೂಳು ಶ್ವಾಸಕೋಶದಲ್ಲಿ ನೆಲೆಸಿ ಸಿಲಿಕೋಸಿಸ್ ಎಂಬ ರೋಗವನ್ನು ತರುತ್ತದೆ. ಗಣಿ ಬಿಟ್ಟ ಎಷ್ಟೋ ವರ್ಷಗಳ ನಂತರವೂ ಅದು ಉಲ್ಬಣಿಸಬಹುದು, ಗುಣಪಡಿಸುವ ಔಷಧಿಯಿಲ್ಲ. ಮೆಟ್ಟಿಲು ಹತ್ತುವಾಗ ಏದುಸಿರು ಬಿಡುವವನನ್ನು ಹೊರನೋಟಕ್ಕೆ ಕಂಡವರು, "ಗಟ್ಟಿಮುಟ್ಟಾಗಿಯೇ ಇದ್ದಾನಲ್ಲ" ಎನ್ನುತ್ತಾರೆ.

ನಾಲ್ಕನೆಯದು, ದೂರ. ಬೆಂಗಳೂರಿನಲ್ಲಿ ಕೆಲಸವಿದೆಯೆನ್ನುವುದು ಸುಳ್ಳಲ್ಲ. ಸುಮಾರು 100 ಕಿಲೋಮೀಟರ್ ದೂರದ ಆ ನಗರಕ್ಕೆ ಮುಂಜಾನೆಯ ರೈಲು ಹಿಡಿದು ಹೋಗಿ ರಾತ್ರಿ ಮನೆ ಸೇರುವವರು ಸಾವಿರಾರು ಮಂದಿ. ಅಂಥ ಊರಿನ ಜನರನ್ನು ಸೋಮಾರಿಗಳೆನ್ನಲು ಬಾಯಿ ಹೇಗೆ ಬಂದೀತು? ಆದರೆ ಆ ಪಯಣಕ್ಕೆ ಬೇಕಾದ ಆರೋಗ್ಯ, ವಯಸ್ಸು, ಮನೆಯ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಹೋಗಬಲ್ಲವರು ಹೋಗುತ್ತಾರೆ, ಹೋಗಲಾರದವರೇ ಊರಿನಲ್ಲಿ ಕಣ್ಣಿಗೆ ಬೀಳುತ್ತಾರೆ.

ಐದನೆಯದು, ಹೆಣ್ಣುಮಕ್ಕಳ ಪರಿಸ್ಥಿತಿ. 1952ರ ಗಣಿ ಕಾಯಿದೆ ಸ್ತ್ರೀಯರಿಗೆ ನೆಲದೊಳಗಿನ ಕೆಲಸವನ್ನು ನಿಷೇಧಿಸಿತ್ತು. 2019ರಲ್ಲಿ ಆ ನಿರ್ಬಂಧ ಷರತ್ತುಗಳೊಂದಿಗೆ ಸಡಿಲವಾಗುವ ಹೊತ್ತಿಗೆ ಕೋಲಾರದ ಗಣಿಗಳು ಮುಚ್ಚಿ ಹದಿನೆಂಟು ವರ್ಷಗಳಾಗಿದ್ದವು. ಕೆಮ್ಮುವ ಗಂಡನನ್ನೂ ಹಾಸಿಗೆ ಹಿಡಿದ ಅತ್ತೆಯನ್ನೂ ಮಕ್ಕಳನ್ನೂ ನೋಡಿಕೊಳ್ಳುವವಳು ರೈಲು ಹತ್ತುವುದೆಂತು? ಬೆಳಗಿನಿಂದ ರಾತ್ರಿಯವರೆಗೆ ದುಡಿದರೂ ಮನೆಗೆಲಸದಲ್ಲಿ ಮಾತ್ರ ನಿರತಳೆಂದು ಗಣತಿಯವರು ಆಕೆಯನ್ನು ಶ್ರಮಶಕ್ತಿಯ ಹೊರಗೆ ಬರೆದುಕೊಳ್ಳುತ್ತಾರೆ. 2023-24ರ ರಾಷ್ಟ್ರೀಯ ಸಮೀಕ್ಷೆಯಂತೆ, ದೇಶದ 15 ವರ್ಷ ಮೇಲ್ಪಟ್ಟ ಪುರುಷರಲ್ಲಿ ಶೇ. 78.8 ಮಂದಿ ಶ್ರಮಶಕ್ತಿಯಲ್ಲಿದ್ದರೆ, ಸ್ತ್ರೀಯರಲ್ಲಿ ಇದ್ದವರು ಶೇ. 41.7 ಮಾತ್ರ. ಈ ಅಂತರಕ್ಕೆಲ್ಲ ಆಲಸ್ಯವೇ ಕಾರಣವೆಂದು ಯಾರು ಹೇಳಿಯಾರು?

ಇದು ನಮ್ಮ ದೇಶದ ವಿಶೇಷವೆಂದೂ ತಿಳಿಯಬೇಕಾಗಿಲ್ಲ. ಬ್ರಿಟನ್ನಿನ ದಕ್ಷಿಣ ವೇಲ್ಸ್ ಕಣಿವೆಗಳಲ್ಲಿ 1913ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಕಲ್ಲಿದ್ದಲ ಗಣಿಗಳಲ್ಲಿ ದುಡಿಯುತ್ತಿದ್ದರು. 1984-85ರ ಮಹಾಮುಷ್ಕರದ ನಂತರ ಉಳಿದ ಗಣಿಗಳು ಬೇಗಬೇಗನೆ ಮುಚ್ಚಿದವು. ವಿಚಿತ್ರವೆಂದರೆ, ಅಲ್ಲಿನ ನಿರುದ್ಯೋಗಿಗಳ ಪಟ್ಟಿ ಅದಕ್ಕೆ ತಕ್ಕಂತೆ ಬೆಳೆಯಲಿಲ್ಲ; ಅನಾರೋಗ್ಯದ ಭತ್ಯೆ ಪಡೆಯುವವರ ಪಟ್ಟಿ ಬೆಳೆಯಿತು. ಬ್ರಿಟನ್ನಿನ ಗಣಿ ಪ್ರದೇಶಗಳನ್ನು ಅಭ್ಯಸಿಸಿದ ಕ್ರಿಸ್ಟಿನಾ ಬೀಟಿ ಮತ್ತು ಸ್ಟೀಫನ್ ಫಾದರ್‌ಗಿಲ್ ಎಂಬ ವಿದ್ವಾಂಸರು ಇದನ್ನು ಮರೆಯಾದ ನಿರುದ್ಯೋಗವೆಂದು ಕರೆದರು. ಆ ಜನರ ಕಾಯಿಲೆ ನಟನೆಯಲ್ಲ. ಆದರೆ ಅದೇ ಕಾಯಿಲೆಯುಳ್ಳವನು ಸಮೃದ್ಧ ಪ್ರಾಂತದಲ್ಲಿದ್ದರೆ ಹಗುರವಾದ ಒಂದು ಕೆಲಸ ಸಿಕ್ಕೀತು. ಬಡ ಪ್ರಾಂತದಲ್ಲಿ ಅರೆ ಆರೋಗ್ಯದವನು ಸಾಲಿನ ಕೊನೆಗೆ ಸರಿಯುತ್ತಾನೆ, ಕಡೆಗೆ ಸಾಲನ್ನೇ ಬಿಡುತ್ತಾನೆ. ಅಲ್ಲಿ ಭತ್ಯೆಯಾದರೂ ಇತ್ತು. ನಮ್ಮಲ್ಲಿ ಆ ಭಾರವನ್ನು ಮಗಳ ಸಂಬಳವೋ ತಾಯಿಯ ಒಡವೆಯೋ ಹೊರುತ್ತದೆ.

ಪ್ರಿಯರೇ, ಸಂತ ಮತ್ತಾಯನ ಶುಭಸಂದೇಶದ ದ್ರಾಕ್ಷಿತೋಟದ ಸಾಮತಿ ನಿಮಗೆಲ್ಲ ತಿಳಿದದ್ದೇ. ಸಂಜೆಯವರೆಗೆ ಸಂತೆಬೀದಿಯಲ್ಲಿ ನಿಂತವರನ್ನು ಯಜಮಾನನು ಕಾರಣ ಕೇಳುತ್ತಾನೆ. ತಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲವೆಂದು ಅವರು ಉತ್ತರಿಸುತ್ತಾರೆ. ಯಜಮಾನನು ಆ ಮಾತನ್ನು ಶಂಕಿಸುವುದಿಲ್ಲ. ಜಗದ್ಗುರು ಹದಿಮೂರನೆಯ ಲಿಯೋರವರು 1891ರಲ್ಲಿ ಕಾರ್ಮಿಕರ ಹಕ್ಕುಗಳನ್ನು ಎತ್ತಿಹಿಡಿದರು. ಅದಾಗಿ ತೊಂಬತ್ತು ವರ್ಷಗಳಿಗೆ, 1981ರಲ್ಲಿ, ಜಗದ್ಗುರು ಎರಡನೆಯ ಜಾನ್ ಪಾಲರು ತಮ್ಮ ವಿಶ್ವಪತ್ರದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಕೂಲಿ ಕೊಡುವವನು ನೇರ ಧಣಿಯಾದರೆ, ದುಡಿಮೆಯ ಪರಿಸ್ಥಿತಿಯನ್ನು ರೂಪಿಸುವ ರಾಜ್ಯ, ಸಂಸ್ಥೆ ಮತ್ತು ವ್ಯವಸ್ಥೆಗಳು ಪರೋಕ್ಷ ಧಣಿಗಳು. ಅವರಿಗೂ ಹೊಣೆಯುಂಟೆಂದು ಬೋಧಿಸಿದರು. ಈ ಬೋಧನೆಯ ಬೆಳಕಿನಲ್ಲಿ, ಗಣಿ ಮುಚ್ಚಿದವರ ಹೊಣೆ ಅದರ ಬಾಗಿಲಿಗೆ ಬೀಗ ಬಿದ್ದ ದಿನಕ್ಕೆ ಮುಗಿಯುವುದಿಲ್ಲ.

ಧರ್ಮಕೇಂದ್ರವೊಂದು ಕಾರ್ಖಾನೆಯನ್ನು ಕಟ್ಟಲಾರದು. ಆದರೆ ಮನೆಮನೆಗೆ ಹೋಗಿ, "ನೀನೇಕೆ ಕೆಲಸ ಮಾಡುವುದಿಲ್ಲ?" ಎನ್ನುವ ಬದಲು "ನಿನ್ನನ್ನು ತಡೆಯುತ್ತಿರುವುದೇನು?" ಎಂದು ಕೇಳಬಲ್ಲದು. ಉತ್ತರ ಕಾಯಿಲೆಯಾದರೆ ಎದೆಯ ಪರೀಕ್ಷೆಗೂ ಸಲ್ಲಬೇಕಾದ ಪರಿಹಾರದ ಅರ್ಜಿಗೂ ನೆರವಾಗಬಹುದು. ಉತ್ತರ ಮಕ್ಕಳಾದರೆ ಶಾಲೆ ಬಿಟ್ಟ ಮೇಲೆ ಅವರನ್ನು ನೋಡಿಕೊಳ್ಳಲು ನಮ್ಮ ಸಭಾಂಗಣವನ್ನು ತೆರೆಯಬಹುದು. ಉತ್ತರ ಭಾಷೆಯೋ ವಿದ್ಯೆಯೋ ಆದರೆ ಸಂಜೆಯ ತರಗತಿಗಳನ್ನು ನಡೆಸಬಹುದು. ಉತ್ತರ ರೈಲಿನ ಪಾಸಾದರೆ ಮೊದಲ ಸಂಬಳ ಬರುವವರೆಗೆ ಆ ಹಣವನ್ನು ಸಂತ ವಿನ್ಸೆಂಟ್ ದೇ ಪಾಲ್ ಸಭೆಯವರು ಮುಂಗಡವಾಗಿ ಕೊಡಬಹುದು. ನಮ್ಮಲ್ಲಿ ಕೆಲಸ ಕೊಡುವ ಸ್ಥಾನದಲ್ಲಿರುವವರು ಏದುಸಿರಿನವನಿಗೂ ಸಲ್ಲುವ ಒಂದು ಕೆಲಸ ತಮ್ಮ ಅಂಗಡಿಯಲ್ಲಿ, ಕಚೇರಿಯಲ್ಲಿ ಇದೆಯೇ ಎಂದು ನೋಡಬಹುದು.

ಎರಡನೆಯ ಶತಮಾನಕ್ಕೆ ಕಾಲಿಡುವ ಈ ಸಮಯದಲ್ಲಿ ದೇವಾಲಯಕ್ಕೆ ಹೊಸ ಬಣ್ಣ ಬಂದಿದೆ, ಹೊಸ ಗಂಟೆ ಬಂದಿದೆ. ಅದರ ಜೊತೆಗೆ, ತೀರ್ಪು ಕೊಡುವ ಮೊದಲು ಕಾರಣವನ್ನು ಕೇಳುವ ತಾಳ್ಮೆಯನ್ನೂ ಬಡಗಿಯ ಮನೆಯಲ್ಲಿ ದುಡಿದು ಬೆಳೆದ ಪ್ರಭುವು ನಮಗೆಲ್ಲರಿಗೂ ಅನುಗ್ರಹಿಸಲೆಂದು ಪ್ರಾರ್ಥಿಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.