ಹೆಬ್ಬೆಟ್ಟಿನ ಜಾಗಕ್ಕೆ ಅಕ್ಷರ



ಶಿಕಾರಿಪುರ, ಸೊರಬದ ತಾಂಡಾಗಳಲ್ಲಿ ನಮ್ಮ ಮನೆಮಾತು ಗೋರ್‌ಬೋಲಿ. ನಮ್ಮ ಹಿರೀಕರು ಕನ್ನಡ ಕಲಿತದ್ದು ಶಾಲೇಲಲ್ಲ. ಕೂಲಿ ಗದ್ದೇಲಿ, ಸಂತೇಲಿ. ಮಾತು ಬಂತು, ಓದು ಬರಲಿಲ್ಲ. ಸಾಲದ ಕಾಗದ ಅಂತ ಹೇಳಿ ಕ್ರಯಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡವರುಂಟು.

ಸರ್ಕಾರ ನಮಗೆ ಮಂಜೂರು ಮಾಡಿದ ಜಮೀನು ಷರತ್ತು ಮೀರಿ ಪರಭಾರೆಯಾಗಿದ್ದರೆ ಮರಳಿ ಕೊಡಿಸಲು 1978ರ ಕಾಯ್ದೆ ಇದೆ. ಆದರೆ ಸಾಗರದ ಉಪವಿಭಾಗಾಧಿಕಾರಿ ಮುಂದೆ ಗೋರ್‌ಬೋಲಿ ನಡೆಯೋದಿಲ್ಲ.

ವಯಸ್ಸಾಯ್ತು ಅನ್ನಬೇಡಿ. ಬಾಬಾಸಾಹೇಬರಿಗೆ ಶಾಲೆಯಲ್ಲಿ ಸಂಸ್ಕೃತ ಕೊಡಲಿಲ್ಲ. ದೊಡ್ಡವರಾದ ಮೇಲೆ ತಾವೇ ಕಲಿತರು. ಪಾಲಿ ಭಾಷೆಗೆ ನಿಘಂಟನ್ನೇ ಬರೆದರು.

ಮನೆಮಾತು ಬಿಡೋದು ಬೇಡ. ಮೊದಲು ನಮ್ಮ ಹೆಸರು, ಆಮೇಲೆ ಸರ್ವೆ ನಂಬರು, ಆಮೇಲೆ ಇಡೀ ಪಹಣಿ ಓದೋಣ. ಅಲ್ಲೀವರೆಗೆ, ನಮ್ಮವರೊಬ್ಬರು ಓದಿ ಹೇಳದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಬೇಡ.

ಜೈಭೀಮ್.