ಮಕ್ಕಳ ಕೈ ಹಿಡಿದು ಅಡ್ಡಾಡೋಣ

(ಗುಡೇಕೋಟೆಯ ಕಲಿಕಾ ಕೇಂದ್ರದಲ್ಲಿ ಸಂಜೆ ಆಡಿದ ಮಾತುಗಳು)



ಕೆಲವರು ಕೂಸನ್ನು ಕಂಕುಳಲ್ಲಿ ಎತ್ತಿಕೊಂಡೇ ಬಂದಿದ್ದೀರಿ. ಒಳ್ಳೆಯದಾಯಿತು. ಇವತ್ತಿನ ಮಾತು ಆ ಕೂಸುಗಳದ್ದೇ.

ಹೋದ ವಾರ ನಾವು ಒಂದು ಮಾತು ಕೇಳಿದ್ದೆವು. "ಈಚೆಗೆ ಮಕ್ಕಳನ್ನು ಕರಕೊಂಡು ಎಲ್ಲಿಗೆ ಹೋಗಿದ್ರಿ?" ಒಬ್ಬರು ಆಸ್ಪತ್ರೆಗೆ ಅಂದರು. ಒಬ್ಬರು ರೇಷನ್ ಅಂಗಡಿಗೆ ಅಂದರು. ಇನ್ನೊಬ್ಬರು ಹೊಲಕ್ಕೆ, ಕಳೆ ತೆಗೆಯೋಕೆ ಅಂದರು. "ಸುಮ್ಮನೆ ಖುಷಿಗೆ ಅಂತ ಹೋಗಿದ್ದು ಯಾವಾಗ?" ಅಂತ ಕೇಳಿದೆವು. ಎಲ್ಲರೂ ನಕ್ಕುಬಿಟ್ಟಿರಿ. "ನಮಗೆಲ್ಲಿ ಪುರುಸೊತ್ತು ಐತ್ರಿ ಟೀಚರ್?" ಅಂದಿರಿ.

ನಿಜ. ಬೆಳಗ್ಗೆ ಎದ್ದರೆ ನೀರು, ರೊಟ್ಟಿ, ದನ, ಕೂಲಿ. ಶೇಂಗಾ ಕಾಲದಲ್ಲಂತೂ ಕಣ್ಣು ಮುಚ್ಚೋಕೂ ಆಗಲ್ಲ. ನಿಮಗೆ ಇನ್ನೊಂದು ಕೆಲಸ ಹಚ್ಚೋಕೆ ನಾವು ಬಂದಿಲ್ಲ. ಹೊಲಕ್ಕೆ ಹೇಗಿದ್ದರೂ ಹೋಗುತ್ತೀರಿ. ಕೂಸು ಹೇಗಿದ್ದರೂ ಜೊತೆಗೇ ಬರುತ್ತದೆ. ಆ ದಾರಿಯಲ್ಲಿ ಏನಾಗುತ್ತದೆ ನೋಡೋಣ.

ಮೂರು ವರ್ಷದ ಮಗು ದಾರಿ ತುಂಬ ಕೇಳುತ್ತದೆ. "ಅವ್ವಾ, ಅದೇನು?" ಬೇವಿನ ಮರ. "ಯಾಕೆ ಕಹಿ?" "ಇರುವೆ ಎಲ್ಲಿಗೆ ಹೋಗ್ತಾವೆ?" "ಆ ಗುಂಡು ಯಾಕೆ ಬೀಳಲ್ಲ?" ನಮ್ಮೂರಿನ ಗುಡ್ಡದ ಗುಂಡುಗಳನ್ನು ನೋಡಿದರೆ ದೊಡ್ಡವರಿಗೂ ಆ ಪ್ರಶ್ನೆ ಬರುತ್ತದೆ. ಆಗ ನಾವು ಏನಂತೀವಿ? "ಸುಮ್ನೆ ನಡಿ" ಅಂತೀವಿ. ಹತ್ತು ಸಲ ಹಾಗೆ ಅಂದರೆ ಮಗು ಕೇಳೋದನ್ನೇ ಬಿಡುತ್ತದೆ.

ಆರು ವರ್ಷದೊಳಗೆ ಮಗುವಿನ ಮಿದುಳು ಬಹಳ ಮಟ್ಟಿಗೆ ಬೆಳೆದುಬಿಡುತ್ತದೆ. ಶಾಲೆಗೆ ಸೇರೋ ಮೊದಲೇ ಆ ಕೆಲಸ ನಡೆದಿರುತ್ತದೆ. ಮಿದುಳಿಗೆ ಊಟ ಬೇಕು, ನಿದ್ದೆ ಬೇಕು. ಮಾತೂ ಬೇಕು, ಆಟವೂ ಬೇಕು. ಒಂದನೇ ತರಗತಿಗೆ ಬರುವ ಮಕ್ಕಳಲ್ಲಿ ನಾವು ಇದನ್ನು ದಿನಾ ಕಾಣುತ್ತೇವೆ. ಮನೆಯಲ್ಲಿ ಮಾತಾಡಿಸಿದ ಮಗು ಬಂದ ದಿನವೇ ಕೈ ಎತ್ತುತ್ತದೆ. "ನಮ್ಮ ಹೊಲದಾಗೆ ನವಿಲು ಬಂದಿತ್ತು ಟೀಚರ್" ಅನ್ನುತ್ತದೆ. ಮಾತಾಡಿಸದ ಮಗು ಗೋಡೆ ಹಿಡಿದು ನಿಂತಿರುತ್ತದೆ. ಬುದ್ಧಿ ಇಬ್ಬರಿಗೂ ಇದೆ. ಆದರೆ ಒಂದಕ್ಕೆ ಮಾತಿನ ರೂಢಿ ಆಗಿದೆ, ಇನ್ನೊಂದಕ್ಕೆ ಆಗಿಲ್ಲ.

ಈಗ ಎಲ್ಲರ ಮನೆಯಲ್ಲೂ ಫೋನ್ ಬಂದಿದೆ. ರೊಟ್ಟಿ ಬಡಿಯುವಾಗ ಕೂಸು ಅತ್ತರೆ ಕೈಗೆ ಫೋನ್ ಕೊಡುತ್ತೇವೆ. ಕೂಸು ಗಪ್ಪಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಈ ಬಗ್ಗೆ ಹೇಳಿದೆ. ಎರಡು ವರ್ಷ ತುಂಬದ ಕೂಸಿಗೆ ಫೋನ್, ಟಿವಿ ಬೇಡ. ಎರಡರಿಂದ ನಾಲ್ಕು ವರ್ಷದ ಮಗುವಿಗೆ ದಿನಕ್ಕೆ ಒಂದು ತಾಸು ಮೀರಬಾರದು. ಓಡಾಟ, ಕುಣಿತ, ಆಟ ಮಾತ್ರ ದಿನಕ್ಕೆ ಮೂರು ತಾಸಾದರೂ ಇರಬೇಕು. ರೊಟ್ಟಿ ಬಡಿಯುವಾಗ ಕೂಸಿಗೂ ಒಂದು ಸಣ್ಣ ಹಿಟ್ಟಿನ ಉಂಡೆ ಕೊಡಿ. ಅದೂ ಬಡಿಯಲಿ. ಸೊಟ್ಟ ರೊಟ್ಟಿ ಬಂದರೆ ಅದನ್ನೇ ಸುಟ್ಟು ಕೊಡಿ. ಆ ರೊಟ್ಟಿಯ ರುಚಿ ಅದಕ್ಕೇ ಗೊತ್ತು!

ಆಟದ ಸಾಮಾನಿಗೆ ರೊಕ್ಕ ಬೇಕಿಲ್ಲ. ಹುಣಸೆ ಬೀಜ, ಕಲ್ಲು, ಮಣ್ಣು ಸಾಕು. ನಮ್ಮ ಹಿರಿಯರು ಹಬ್ಬಗಳಲ್ಲೇ ಆಟ ಸೇರಿಸಿ ಇಟ್ಟಿದ್ದಾರೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುತ್ತೇವೆ. ಪಂಚಮಿಗೆ ಜೋಕಾಲಿ ಕಟ್ಟುತ್ತೇವೆ. ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಪ್ಯಾಟೆಯವರು ಇದನ್ನೇ ಪಿಕ್ನಿಕ್ ಅನ್ನುತ್ತಾರೆ. ಈಗ ಕೆಲವರು ಮಣ್ಣೆತ್ತನ್ನೂ ಸಂತೆಯಿಂದ ಕೊಂಡು ತರುತ್ತಾರೆ. ಅದು ನಮಗೆ ಸರಿ ಕಾಣೋದಿಲ್ಲ. ಮಗು ಮಾಡಿದ ಎತ್ತಿಗೆ ಕೋಡು ಒಂದೇ ಇದ್ದರೂ ಇರಲಿ. ಅದಕ್ಕೇ ಪೂಜೆ ಮಾಡೋಣ.

ಇನ್ನೊಂದು ಮಾತು. ಇದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು. ಜಾತ್ರೆಗೆ ಹೋಗುವಾಗ ಅಪ್ಪನ ಹೆಗಲ ಮೇಲೆ ಯಾರು ಕೂರುತ್ತಾರೆ? ಮಗ ಕೂರುತ್ತಾನೆ. ಮಗಳು ಎಲ್ಲಿರುತ್ತಾಳೆ? ಮನೆಯಲ್ಲಿ, ತಮ್ಮನನ್ನೋ ತಂಗಿಯನ್ನೋ ಎತ್ತಿಕೊಂಡು ಇರುತ್ತಾಳೆ. ಏಳು ವರ್ಷದ ಹುಡುಗಿಗೆ ಸೊಂಟದ ಮೇಲೆ ಕೂಸು, ಏಳು ವರ್ಷದ ಹುಡುಗನಿಗೆ ಕೈಯಲ್ಲಿ ಬುಗುರಿ. ಇಬ್ಬರಿಗೂ ಇರೋದು ಒಂದೇ ಬಾಲ್ಯ. ನಿಮ್ಮಲ್ಲಿ ಎಷ್ಟೋ ಜನ ಹೀಗೆ ಕೂಸು ಎತ್ತಿಕೊಂಡೇ ಶಾಲೆ ಬಿಟ್ಟವರು. ನೀವೇ ನಮಗೆ ಹೇಳಿದ್ದೀರಿ. ಅದಕ್ಕೇ ಈಗ ಈ ವಯಸ್ಸಿನಲ್ಲಿ ಸ್ಲೇಟು ಹಿಡಿದಿದ್ದೀರಿ. ಮಗಳನ್ನೂ ಕರಕೊಂಡು ಹೋಗಿ. ಸಣ್ಣ ಕೂಸನ್ನು ಆ ಒಂದು ದಿನ ಅಪ್ಪ ಎತ್ತಿಕೊಳ್ಳಲಿ. ಅವರ ಕೈ ಏನೂ ಸವೆಯೋದಿಲ್ಲ.

ಈಗ ಎಲ್ಲಿಗೆ ಹೋಗೋದು ಅನ್ನೋ ಮಾತು.

ಮೊದಲು ನಮ್ಮೂರೇ ಇದೆ. ಗುಡ್ಡ ಇದೆ, ಮೇಲೆ ಕೋಟೆ ಇದೆ. ದೂರದವರು ನೋಡೋಕೆ ಬರುತ್ತಾರೆ. ನಾವು ದಿನಾ ನೋಡುತ್ತೇವೆ, ಮಕ್ಕಳಿಗೆ ಮಾತ್ರ ತೋರಿಸೋದಿಲ್ಲ. ಕೋಟೆಯ ಕಡೆ ಹೋದಾಗ ಒನಕೆ ಓಬವ್ವನ ಕಥೆ ಹೇಳಿ. ಅವಳು ನಮ್ಮ ಗುಡೇಕೋಟೆಯ ಮಗಳು ಅಂತ ನಮ್ಮ ಕಡೆ ಹೇಳುತ್ತಾರೆ. ಚಿತ್ರದುರ್ಗದ ಕೋಟೆ ಕಾಯುವವನಿಗೆ ಕೊಟ್ಟು ಮದುವೆ ಮಾಡಿದ್ದರು. ಹೈದರಾಲಿಯ ದಂಡು ಕೋಟೆಗೆ ಮುತ್ತಿಗೆ ಹಾಕಿತ್ತು. ಗಂಡ ಉಣ್ಣೋಕೆ ಕೂತಿದ್ದ. ಓಬವ್ವ ನೀರಿಗೆ ಹೋದಳು. ಬಂಡೆಯ ಕಿಂಡಿಯಲ್ಲಿ ಸೈನಿಕರು ಒಬ್ಬೊಬ್ಬರಾಗಿ ನುಸುಳಿ ಬರೋದನ್ನು ಕಂಡಳು. ಕೈಗೆ ಸಿಕ್ಕಿದ್ದು ಒನಕೆ. ಅದರಿಂದಲೇ ಹೊಡೆದಳು. 2021ರಿಂದ ಸರ್ಕಾರ ನವೆಂಬರ್ 11ರಂದು ಓಬವ್ವನ ಜಯಂತಿ ಮಾಡುತ್ತಿದೆ.

ಈ ಕಥೆ ಕೇಳಿದ ಒಬ್ಬ ಹುಡುಗಿ ನಮ್ಮನ್ನು ಕೇಳಿದಳು. "ಅವಳಿಗೆ ಹೊಡೆಯೋದು ಯಾರು ಕಲಿಸಿದ್ರು ಟೀಚರ್?" ಪಕ್ಕದ ಹುಡುಗಿಯೇ ಉತ್ತರ ಕೊಟ್ಟಳು. "ಯಾರೂ ಇಲ್ಲ. ದಿನಾ ಜೋಳ ಕುಟ್ತಿದ್ಲಲ್ಲ!" ಇಂಥ ಉತ್ತರ ನಮ್ಮ ಪುಸ್ತಕದಲ್ಲಿ ಇಲ್ಲ.

ಗುಡ್ಡದ ಕಡೆ ಹೋಗುವಾಗ ಒಂದು ಎಚ್ಚರ ಬೇಕು. ಕರಡಿ. ನಮ್ಮ ಗುಡ್ಡಗಳಲ್ಲಿ ಕರಡಿ ಇರೋದು ನಿಮಗೆ ಗೊತ್ತೇ ಇದೆ. 2013ರಲ್ಲಿ ಸರ್ಕಾರ ಇಲ್ಲಿ ಕರಡಿಧಾಮ ಮಾಡಿತು. ಕರಡಿ ಹಗಲು ಹೊತ್ತು ಬಂಡೆಯ ಪೊಟರೆಯಲ್ಲಿ, ನೆರಳಲ್ಲಿ ಮಲಗಿರುತ್ತದೆ. ಸಂಜೆ ಮೇಲೆ ಎದ್ದು ಗೆದ್ದಲು, ಇರುವೆ, ಜೇನು, ಹಣ್ಣು ಹುಡುಕುತ್ತದೆ. ಶೇಂಗಾ ಹೊಲಕ್ಕೂ ಬರುತ್ತದೆ. ಆದ್ದರಿಂದ ಬಿಸಿಲು ಏರಿದ ಮೇಲೆ ಹೋಗಿ, ಬಿಸಿಲು ಇರುವಾಗಲೇ ಮನೆ ಸೇರಿ. ನಾಲ್ಕಾರು ಜನ ಸೇರಿ ಮಾತಾಡುತ್ತಾ ನಡೆಯಿರಿ. ಸದ್ದು ಕೇಳಿದರೆ ಕರಡಿಯೇ ದೂರ ಸರಿಯುತ್ತದೆ. ಪೊದೆಗೆ, ಪೊಟರೆಗೆ ಮಕ್ಕಳನ್ನು ಬಿಡಬೇಡಿ. ಕಾಡಿನ ಒಳಗೆ ಹೋಗೋಕೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಕರಡಿ ಕಂಡರೆ ಕಲ್ಲು ಹೊಡೆಯಬಾರದು. ಕೂಸನ್ನು ಎತ್ತಿಕೊಂಡು ಮೆಲ್ಲಗೆ ಹಿಂದೆ ಸರಿಯಿರಿ.

ಮಕ್ಕಳಿಗೆ ಬರೀ ಹೆದರಿಕೆ ಹೇಳಬೇಡಿ. ಇದನ್ನೂ ಹೇಳಿ. ತಾಯಿ ಕರಡಿ ಮರಿಯನ್ನು ಬೆನ್ನ ಮೇಲೆ ಕೂರಿಸಿಕೊಂಡು ತಿರುಗುತ್ತದೆ. ಮರಿ ಉದ್ದ ಕೂದಲನ್ನು ಗಟ್ಟಿಯಾಗಿ ಹಿಡಕೊಂಡಿರುತ್ತದೆ. ಎರಡು ಮರಿ ಇದ್ದರೆ ಎರಡನ್ನೂ ಹೊರುತ್ತದೆ. ಕರಡಿ ನೋಡಲೇಬೇಕು ಅನ್ನುವ ಮಕ್ಕಳಿಗೆ ಹಂಪಿ ಹತ್ತಿರದ ದರೋಜಿ ಇದೆ. ಅಲ್ಲಿ 1994ರಲ್ಲಿ ಕರಡಿಧಾಮ ಆಯಿತು. ಎತ್ತರದಲ್ಲಿ ನಿಂತು ದೂರದಿಂದ ನೋಡಬಹುದು.

ದೂರ ಹೋಗೋದಾದರೆ ಅಂಕಸಮುದ್ರಕ್ಕೆ ಹೋಗಿ. ಸಮುದ್ರ ಅಂದರೆ ಸಮುದ್ರ ಅಲ್ಲ, ಕೆರೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿದೆ. ಹಿಂದಿನವರು ಹೊಲಕ್ಕೆ ನೀರು ಬೇಕು ಅಂತ ಕಟ್ಟಿಸಿದ ಕೆರೆ. ಕೆರೆಯ ನೀರಿನಲ್ಲೇ ಜಾಲಿ ಮರಗಳಿವೆ. ಆ ಮರಗಳ ತುಂಬ ಹಕ್ಕಿ. ಗೂಡು ಕಟ್ಟುವ, ರಾತ್ರಿ ತಂಗುವ ನೀರಹಕ್ಕಿಗಳೇ 30,000ಕ್ಕೂ ಹೆಚ್ಚು ಅಂತ ಲೆಕ್ಕ. ಬಣ್ಣದ ಕೊಕ್ಕರೆ ನೋಡಿ. ಕೊಕ್ಕು ಹಳದಿ. ಬಾಲದ ಹತ್ತಿರ ಗುಲಾಬಿ ಬಣ್ಣ, ಸೆರಗಿನ ಅಂಚು ಇದ್ದ ಹಾಗೆ. ಕಪ್ಪು ತಲೆಯ, ಬಾಗಿದ ಕೊಕ್ಕಿನ ಬಿಳಿ ಹಕ್ಕಿಯೂ ಇದೆ. ಮರಿಗಳು ಗೂಡಿನಲ್ಲಿ ಬಾಯಿ ತೆರೆದು ಕೂಗುತ್ತಿರುತ್ತವೆ. ತಾಯಿ ತಂದೆ ಇಬ್ಬರೂ ಮೀನು ತಂದು ತಿನ್ನಿಸುತ್ತವೆ. ಹೌದು, ಅಪ್ಪ ಕೊಕ್ಕರೆಯೂ ತಿನ್ನಿಸುತ್ತದೆ. ಇದನ್ನು ಮನೆಯಲ್ಲಿ ಹೇಳಿ!

ಈ ಕೆರೆಯನ್ನು 2017ರಲ್ಲಿ ಹಕ್ಕಿಗಳಿಗೆ ಮೀಸಲು ಅಂತ ಮಾಡಿದರು. 2024ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ರಾಮ್ಸರ್ ಅನ್ನೋದು ಇರಾನ್ ದೇಶದ ಒಂದು ಊರು. ಕೆರೆ, ಜೌಗು ಉಳಿಸಬೇಕು ಅಂತ ಹಲವು ದೇಶಗಳು 1971ರಲ್ಲಿ ಅಲ್ಲಿ ಸೇರಿ ಒಪ್ಪಂದ ಮಾಡಿದವು. ನಮ್ಮ ಪಕ್ಕದ ತಾಲ್ಲೂಕಿನ ಕೆರೆಯ ಹೆಸರು ಈಗ ಇಡೀ ಲೋಕದ ಪಟ್ಟಿಯಲ್ಲಿದೆ. ಚಳಿಗಾಲದಲ್ಲಿ ಹೋದರೆ ಒಳ್ಳೆಯದು. ಬಿಸಿಲೂ ಕಡಿಮೆ, ಹಕ್ಕಿಯೂ ಹೆಚ್ಚು. ಅಲ್ಲಿ ಕೂಗಾಡಬಾರದು, ಕಲ್ಲು ಎಸೆಯಬಾರದು. ತಿಂದ ಕವರನ್ನು ಕೆರೆಗೆ ಹಾಕಬಾರದು.

ಬಸ್ಸಿನ ಖರ್ಚು ಅಂತೀರಾ? 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೂ ಹೆಣ್ಣುಮಕ್ಕಳಿಗೂ ಟಿಕೆಟ್ ದುಡ್ಡಿಲ್ಲ. ಆಧಾರ್ ಕಾರ್ಡ್ ಇಟ್ಟುಕೊಳ್ಳಿ. ಗಂಡು ಹುಡುಗನಿಗೆ ಆರು ವರ್ಷ ತುಂಬಿದ್ದರೆ ಅರ್ಧ ಟಿಕೆಟ್ ತೆಗೆಸಬೇಕು. ಕೂಡ್ಲಿಗಿಯಲ್ಲಿ ಇಳಿದು ಬಸ್ ಬದಲಿಸಬೇಕು. ಆಗ ಯಾರನ್ನೂ ಕೇಳಬೇಡಿ. ಬೋರ್ಡು ನೀವೇ ಓದಿ. ಹ-ಗ-ರಿ-ಬೊ-ಮ್ಮ-ನ-ಹ-ಳ್ಳಿ. ಎಂಟು ಅಕ್ಷರ. ಕೆಲವು ಬಸ್ಸಿನಲ್ಲಿ ಜಾಗ ಸಾಲದೆ ಹ.ಬೊ.ಹಳ್ಳಿ ಅಂತ ಬರೆದಿರುತ್ತಾರೆ. ಎರಡೂ ಒಂದೇ. ಅವ್ವ ಬೋರ್ಡು ಓದಿ ಬಸ್ ಹತ್ತಿಸಿದ್ದನ್ನು ಮಗು ಮರೆಯೋದಿಲ್ಲ.

ಜಾತ್ರೆಯ ಮಾತು ಬಿಟ್ಟರೆ ನೀವು ನಮ್ಮನ್ನು ಬಿಡೋದಿಲ್ಲ. ಕೊಟ್ಟೂರಿನ ತೇರಿಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ಮಕ್ಕಳಿಗೆ ಮಂಡಕ್ಕಿ, ಮಿಠಾಯಿ, ಪೀಪಿ ಬೇಕು. ಕೊಡಿಸಿ. ಆದರೆ ತೇರಿನ ಹತ್ತಿರ ಕೂಸನ್ನು ಒಯ್ಯಬೇಡಿ. 2017ರಲ್ಲಿ ಅಲ್ಲಿ ತೇರು ಉರುಳಿ ಜನರಿಗೆ ಪೆಟ್ಟಾಗಿತ್ತು. ದೂರದಿಂದ ಕೈ ಮುಗಿದರೂ ಸ್ವಾಮಿಗೆ ಕಾಣುತ್ತದೆ.

ಜಾತ್ರೆಯಲ್ಲಿ ಮಕ್ಕಳು ತಪ್ಪಿಸಿಕೊಳ್ಳೋದು ದೊಡ್ಡ ಭಯ. ಇದಕ್ಕೆ ನಮ್ಮ ಕೇಂದ್ರದ ಒಬ್ಬ ತಾಯಿ ಮಾಡಿದ್ದನ್ನು ಹೇಳುತ್ತೇವೆ. ಹೆಸರು ಬೇಡ, ಅವರು ಇಲ್ಲೇ ಕೂತಿದ್ದಾರೆ. ಅವರಿಗೆ ಅಕ್ಷರ ಬಂದು ಆಗಿನ್ನೂ ಮೂರು ತಿಂಗಳು. ಜಾತ್ರೆಗೆ ಹೊರಡುವ ಮೊದಲು ಒಂದು ಚೀಟಿ ಬರೆದರು. ತಮ್ಮ ಹೆಸರು, ಊರು, ಫೋನ್ ನಂಬರು. ನಾಲ್ಕು ವರ್ಷದ ಮಗಳ ಲಂಗದ ಒಳಜೇಬಿಗೆ ಹಾಕಿ ಪಿನ್ನು ಹಚ್ಚಿದರು. "ನಾನು ಕಾಣದಿದ್ದರೆ ಓಡಬೇಡ, ನಿಂತಲ್ಲೇ ನಿಲ್ಲು. ಪೊಲೀಸರಿಗೆ ಇಲ್ಲಾ ಬಳೆ ಅಂಗಡಿ ಅಮ್ಮನಿಗೆ ಚೀಟಿ ಕೊಡು" ಅಂತ ಮಗಳಿಗೆ ಮೂರು ಸಲ ಹೇಳಿಸಿದರು.

ಬಳೆ ಅಂಗಡಿಯ ಸಾಲಿನಲ್ಲೇ ಕೈ ತಪ್ಪಿತು. ಒಂದು ಕ್ಷಣ, ಅಷ್ಟೇ. ತಾಯಿ ಎದೆ ಬಡಕೊಂಡು ಹುಡುಕಿದರು. ಅರ್ಧ ತಾಸಿನ ಮೇಲೆ ಫೋನ್ ಬಂತು. "ನಿಮ್ಮ ಮಗು ನಮ್ಮ ಅಂಗಡಿಯಲ್ಲಿ ಕೂತೈತಿ, ಬರ್ರಿ" ಅಂದರು. ಹೋಗಿ ನೋಡಿದರೆ ಮಗಳು ಎರಡೂ ಕೈ ತುಂಬ ಬಳೆ ಹಾಕಿಸಿಕೊಂಡು ಕೂತಿದ್ದಳು. ಚೀಟಿಯಲ್ಲಿ ಗುಡೇಕೋಟೆಯ 'ಡೇ'ಗೆ ದೀರ್ಘ ಬಿಟ್ಟುಹೋಗಿತ್ತು. ಓದಿದವರಿಗೆ ಅದರಿಂದ ಏನೂ ಅಡ್ಡಿ ಆಗಲಿಲ್ಲ.

ನೀವೂ ಅಂಥ ಚೀಟಿ ಬರೆಯಿರಿ. ಚೀಟಿ ಒಳಜೇಬಿನಲ್ಲೇ ಇರಲಿ. ಹೊರಗೆ ಕಾಣುವ ಹಾಗೆ ಹೆಸರು ಬರೆದು ಅಂಟಿಸಬೇಡಿ. ಮಕ್ಕಳ ಸಹಾಯವಾಣಿ 1098. ಪೊಲೀಸರನ್ನು ಕರೆಯೋಕೆ 112. ಈ ಎರಡು ನಂಬರನ್ನು ಈಗಲೇ ನಿಮ್ಮ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಳ್ಳಿ. ಬರೆದಾಯಿತಾ? ಪಕ್ಕದವರಿಗೂ ತೋರಿಸಿ.

ಬರುವ ಭಾನುವಾರ ಅಂಕಸಮುದ್ರಕ್ಕೆ ಹೋಗೋಣ ಅಂತ ಎಂಟು ಜನ ಹೇಳಿದ್ದೀರಿ. ಮಕ್ಕಳು ಹನ್ನೊಂದು. ಅದರಲ್ಲಿ ಹೆಣ್ಣುಮಕ್ಕಳು ಎಷ್ಟು ಅಂತ ನಾವು ಕೇಳುತ್ತೇವೆ. ಮೊದಲ ಬಸ್ಸಿಗೇ ಹೊರಡಬೇಕು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ನಾವು ತರುತ್ತೇವೆ. ಮೊಸರು ಯಾರು ತರುತ್ತೀರಿ? ನೀರಿನ ಬಾಟಲಿ, ತಲೆಗೆ ಬಟ್ಟೆ, ಸಣ್ಣ ಕೂಸುಗಳಿಗೆ ಇನ್ನೊಂದು ಅಂಗಿ ಮರೆಯಬೇಡಿ. ಕೆರೆಯ ಹತ್ತಿರದ ಬೋರ್ಡನ್ನು ಓದೋದು ನಿಮ್ಮ ಕೆಲಸ. ನಾವು ಓದಿ ಹೇಳೋದಿಲ್ಲ.